ಕಾಗೆಯ ಪದ್ಯಕ್ಕೆ ಅಜ್ಜಿಯ ಕಾಗದ

ಬಾದಾಮಿ

ಮುದ್ದು ಕೂಸೇ,

ನಿನ್ನ ಅಮ್ಮ ನಿನ್ನ ನೋಟ್‌ಬುಕ್ಕಿನ ಹಾಳೆಯ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದಾಳೆ. ಅಲಂಕಾರ ಬಳಸಿ ನಾಲ್ಕು ಸಾಲಿನ ಪದ್ಯ ಬರೆದುಕೊಂಡು ಬನ್ನಿ ಎಂದು ನಿಮ್ಮ ಟೀಚರ್ ಐದನೆಯ ತರಗತಿಯ ಮಕ್ಕಳಿಗೆಲ್ಲ ಹೇಳಿದ್ದಾರಂತೆ. ನೀನು ಕಾಗೆಯ ಮೇಲೆ ಬರೆದು, ಕೆಳಗೆ ಪೆನ್ಸಿಲಿನಲ್ಲಿ ‘ಅಜ್ಜಿ, ಇದು ಸರಿ ಇದೆಯಾ?’ ಎಂದು ಕೇಳಿದ್ದೀಯ. ಸರಿ, ತಪ್ಪು ಎಂದು ಫೋನಿನಲ್ಲಿ ಒಂದು ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ. ಉದ್ದವಾಗಿದೆ, ಒಂದೇ ಸಲ ಓದಿ ಮುಗಿಸಬೇಕೆಂದೇನಿಲ್ಲ. ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಂಡು ಓದು.

ನಿನ್ನ ಪದ್ಯವನ್ನೇ ಮೊದಲು ಎತ್ತಿ ಬರೆಯುತ್ತೇನೆ.

ಕಿಟಕಿಯ ಬಳಿಯಲಿ ಕುಳಿತಿದೆ ಕಾಗೆ
ಕಪ್ಪಗೆ ಹೊಳೆವುದು ರಾತ್ರಿಯ ಹಾಗೆ
ಅಮ್ಮ ಇಟ್ಟ ದೋಸೆಯ ಚೂರನ್ನು ನೋಡಿ
ಬಳಗವ ಕರೆಯಿತು ಕಾ ಕಾ ಹಾಡಿ

ಚೆನ್ನಾಗಿದೆ. ಮೊಮ್ಮಗಳು ಎಂಬ ಮುದ್ದಿಗೆ ಹೇಳುವ ಮಾತಲ್ಲ ಇದು. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಲೇ ಕೂದಲು ಬೆಳ್ಳಗಾದವಳು ನಾನು, ಮಕ್ಕಳ ಪದ್ಯ ಬಹಳ ಓದಿದ್ದೇನೆ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ನಾಲ್ಕನೆಯ ಸಾಲು. ದೋಸೆಯ ಚೂರು ಕಂಡ ಕಾಗೆ ಅದನ್ನು ಕಚ್ಚಿಕೊಂಡು ಹಾರಿಹೋಗಲಿಲ್ಲ, ಬಳಗವನ್ನು ಕರೆಯಿತು. ಇದನ್ನು ನೀನು ಕಿಟಕಿಯಲ್ಲಿ ನಿಂತು ನೋಡಿ ಬರೆದೆ. 12ನೆಯ ಶತಮಾನದಲ್ಲಿ ಬಸವಣ್ಣನವರೂ ಇದನ್ನೇ ಗಮನಿಸಿದ್ದರು. ಅನ್ನ ಕಂಡ ಕಾಗೆ ತನ್ನವರನ್ನೆಲ್ಲ ಕೂಗಿ ಕರೆಯುವ ಬಗೆಯನ್ನು ಒಂದು ವಚನದಲ್ಲಿ ಹೇಳಿದ್ದಾರೆ. ನೀನು ಆ ವಚನ ಇನ್ನೂ ಓದಿರಲಾರೆ. ಆದರೂ ಅವರು ಕಂಡದ್ದನ್ನೇ ನೀನೂ ಕಂಡೆ. ಪದ್ಯ ಬರೆಯುವವರಿಗೆ ಮೊದಲು ಬೇಕಾದ ಗುಣ ಇದು.

ಇನ್ನು ನಿನ್ನ ಪ್ರಶ್ನೆಗೆ ಬರೋಣ. ಪದ್ಯವನ್ನು ಜೋರಾಗಿ ಓದು. ಓದುವಾಗ ಅಂಗೈ ಮೇಲೆ ತಾಳ ಹಾಕು. ಮೊದಲೆರಡು ಸಾಲು ತಾಳಕ್ಕೆ ಸರಿಯಾಗಿ ಕೂಡುತ್ತವೆ, ನಾಲ್ಕನೆಯದೂ ಕೂಡುತ್ತದೆ. ಮೂರನೆಯ ಸಾಲಿಗೆ ಬಂದಾಗ ನಾಲಿಗೆ ಓಡಬೇಕಾಗುತ್ತದೆ, ತಾಳ ತಪ್ಪುತ್ತದೆ. ಯಾಕೆ ಹಾಗಾಯಿತು ಎಂದು ಲೆಕ್ಕ ಹಾಕಿ ಕಂಡುಹಿಡಿಯಬಹುದು. ಗಣಿತದಲ್ಲಿ ನೀನು ಜಾಣೆ, ಇದು ಸುಲಭ.

ಅಕ್ಷರ ಹೇಳಲು ಹಿಡಿಯುವ ಸಮಯಕ್ಕೆ ಮಾತ್ರೆ ಎಂದು ಹೆಸರು. ‘ಕಿ’, ‘ಟ’, ‘ಯ’ ಇಂಥ ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ಅದು ಲಘು. ‘ಕಾ’, ‘ದೋ’, ‘ನೋ’ ಇಂಥ ದೀರ್ಘಕ್ಕೆ ಎರಡು. ಅದು ಗುರು. ಪಕ್ಕದಲ್ಲಿ ಸೊನ್ನೆ ಇರುವ ಅಕ್ಷರ, ವಿಸರ್ಗ ಇರುವ ಅಕ್ಷರ ಇವೂ ಗುರುವೇ. ಇನ್ನೊಂದು ನಿಯಮ ಇದೆ, ಮಕ್ಕಳು ಎಡವುವುದು ಅಲ್ಲೇ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ. ‘ಅಮ್ಮ’ ಎನ್ನುವಲ್ಲಿ ಒತ್ತು ಇರುವುದು ‘ಮ್ಮ’ದಲ್ಲಿ, ಎರಡು ಮಾತ್ರೆ ಸಿಗುವುದು ಅದರ ಹಿಂದಿರುವ ‘ಅ’ಕ್ಕೆ. ಬಾಯಿಬಿಟ್ಟು ನಿಧಾನವಾಗಿ ಹೇಳಿ ನೋಡು. ‘ಅ’ ಹೇಳಿದ ಮೇಲೆ ತುಟಿ ಮುಚ್ಚಿ ಒಂದು ಗಳಿಗೆ ತಡೆಯುತ್ತದೆ, ಆಮೇಲೆ ‘ಮ’ ಬರುತ್ತದೆ. ಆ ತಡೆಯೇ ಎರಡನೆಯ ಮಾತ್ರೆ. ‘ರಾತ್ರಿ’ಯ ‘ರಾ’ ಮೊದಲೇ ದೀರ್ಘ, ಮುಂದೆ ಒತ್ತಕ್ಷರವೂ ಇದೆ. ಹಾಗೆಂದು ಮೂರು ಮಾತ್ರೆ ಕೊಡಬೇಡ. ಎರಡಕ್ಕಿಂತ ಹೆಚ್ಚು ಯಾವ ಅಕ್ಷರಕ್ಕೂ ಇಲ್ಲ.

ಈಗ ನಿನ್ನ ಮೊದಲ ಸಾಲು. ಕಿಟಕಿಯ, ನಾಲ್ಕು. ಬಳಿಯಲಿ, ನಾಲ್ಕು. ಕುಳಿತಿದೆ, ನಾಲ್ಕು. ಕಾಗೆ, ಮೂರು. ಸಾಲಿನ ಕೊನೆಯಲ್ಲಿ ಉಸಿರು ನಿಲ್ಲುತ್ತದಲ್ಲ, ಅಲ್ಲಿ ‘ಗೆ’ ತುಸು ಎಳೆದು ನಾಲ್ಕಾಗುತ್ತದೆ. ಎರಡನೆಯ ಸಾಲೂ ಹೀಗೆಯೇ. ‘ಕಪ್ಪಗೆ’ ಎಂಬಲ್ಲಿ ‘ಕ’ ಗುರು, ಉಳಿದೆರಡು ಲಘು, ಒಟ್ಟು ನಾಲ್ಕು. ನೀನು ನಾಲ್ಕು ನಾಲ್ಕರ ನಡೆಯಲ್ಲಿ ಬರೆದಿದ್ದೀಯ, ಯಾರೂ ಹೇಳಿಕೊಡದೆ. ಎಲ್ಲಿಂದ ಬಂತು ಇದು? ಶಾಲೆಗೆ ಸೇರುವ ಮೊದಲೇ ನೀನು ಕುಣಿಯುತ್ತ ಹೇಳುತ್ತಿದ್ದ ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ ಪದ್ಯದ್ದೂ ಇದೇ ನಡೆ. ಅದು ನಿನ್ನ ಕಿವಿಯಲ್ಲಿ ಉಳಿದಿದೆ.

ಮೂರನೆಯ ಸಾಲಿಗೆ ಬಾ. ‘ಅಮ್ಮ’ ಮೂರು, ‘ಇಟ್ಟ’ ಮೂರು, ‘ದೋಸೆಯ’ ನಾಲ್ಕು, ‘ಚೂರನ್ನು’ ಐದು, ‘ನೋಡಿ’ ಮೂರು. ನಾಲ್ಕರ ಗುಂಪು ಒಂದೇ ಒಂದು. ನಾಲಿಗೆ ಓಡಿದ್ದು ಇದಕ್ಕೇ. ಹಾಗಾದರೆ ಏನು ತೆಗೆಯಬೇಕು? ‘ಇಟ್ಟ’ ಎಂಬ ಮಾತು ಇಲ್ಲಿ ಬೇಕೇ? ಅಮ್ಮನ ದೋಸೆ ಎಂದರೆ ಅಮ್ಮ ಇಟ್ಟದ್ದೇ ಎಂದು ಓದುವವರಿಗೆ ತಿಳಿಯುತ್ತದೆ. ‘ಚೂರನ್ನು’ ಎಂಬುದನ್ನು ಪದ್ಯದಲ್ಲಿ ‘ಚೂರನು’ ಎನ್ನಬಹುದು, ನಮ್ಮ ಕವಿಗಳೆಲ್ಲ ಹಾಗೆ ಮಾಡುತ್ತ ಬಂದಿದ್ದಾರೆ. ‘ಅಮ್ಮನ ದೋಸೆಯ ಚೂರನು ನೋಡಿ’ ಎಂದು ಹೇಳಿ ತಾಳ ಹಾಕು. ಕೂಡಿತಲ್ಲ? ಒಂದು ಪದ ಹೋಯಿತು, ಒಂದು ಒತ್ತು ಹೋಯಿತು, ಅರ್ಥ ಎಲ್ಲೂ ಹೋಗಲಿಲ್ಲ. ಪದ್ಯ ತಿದ್ದುವುದು ಎಂದರೆ ಬಹುಮಟ್ಟಿಗೆ ಇಷ್ಟೇ.

ಪ್ರಾಸದ ವಿಷಯ. ‘ಕಾಗೆ’, ‘ಹಾಗೆ’ ಈ ಜೋಡಿ ಪಕ್ಕಾ ಆಗಿದೆ, ಯಾಕೆಂದರೆ ಕೊನೆಯ ‘ಗೆ’ ಒಂದೇ ಆಗಿರುವುದರ ಜೊತೆಗೆ ಅದರ ಹಿಂದಿನ ‘ಆ’ಕಾರವೂ ಒಂದೇ. ‘ನೋಡಿ’, ‘ಹಾಡಿ’ ಜೋಡಿಯಲ್ಲಿ ‘ಡಿ’ ಮಾತ್ರ ಕೂಡುತ್ತದೆ. ಇದೂ ನಡೆಯುತ್ತದೆ, ಆದರೆ ಕಿವಿ ಮೊದಲಿನದಕ್ಕೆ ಹೆಚ್ಚು ಹಿಗ್ಗುತ್ತದೆ. ಸಾಲಿನ ಕೊನೆಯಲ್ಲಿ ಬರುವ ಇದಕ್ಕೆ ಅಂತ್ಯಪ್ರಾಸ ಎನ್ನುತ್ತಾರೆ. ಒಂದು ಎಚ್ಚರಿಕೆ: ಪ್ರಾಸಕ್ಕಾಗಿ ಸಿಕ್ಕ ಪದವನ್ನೆಲ್ಲ ಸಾಲಿನ ತುದಿಗೆ ತುರುಕಬಾರದು. ಹಾಗೆ ಮಾಡಿದ ಪದ್ಯದಲ್ಲಿ ಕಾಗೆ ಎಲ್ಲಿಗೋ ಹೋಗುತ್ತದೆ, ಪ್ರಾಸ ಮಾತ್ರ ಉಳಿಯುತ್ತದೆ. ನೀನು ‘ಹಾಡಿ’ ಎಂದದ್ದು ಹಾಗಾಗಿಲ್ಲ. ಕಾಗೆ ಕೂಗುತ್ತದೆ ಎನ್ನುವುದು ಎಲ್ಲರ ಮಾತು, ಹಾಡುತ್ತದೆ ಎಂದಾಗ ಅದು ಬಳಗಕ್ಕೆ ಊಟಕ್ಕೆ ಕರೆ ಕೊಟ್ಟ ಸಂಭ್ರಮ ಬಂತು. ಪ್ರಾಣಿಗೂ ಗಾಳಿಗೂ ಗಿಡಕ್ಕೂ ಮನುಷ್ಯರ ನಡವಳಿಕೆ ಕೊಟ್ಟು ಬರೆಯುವುದು ಒಂದು ಅಲಂಕಾರವೇ, ಗೊತ್ತಿಲ್ಲದೆ ಅದನ್ನೂ ತಂದಿದ್ದೀಯ.

‘ಕಾ ಕಾ’ ಎಂದು ಬರೆದದ್ದಕ್ಕೂ ಹೆಸರಿದೆ. ಕೇಳಿದ ಸದ್ದನ್ನೇ ಪದವಾಗಿಸುವುದನ್ನು ವ್ಯಾಕರಣದಲ್ಲಿ ಅನುಕರಣಾವ್ಯಯ ಎನ್ನುತ್ತಾರೆ. ಕನ್ನಡದಲ್ಲಿ ಇವು ಎಷ್ಟಿವೆ ಎಂದು ಒಂದು ದಿನ ಮನೆಯಲ್ಲೇ ಕಿವಿಗೊಟ್ಟು ಎಣಿಸು. ಒಗ್ಗರಣೆ ಚಟಚಟ, ನಲ್ಲಿ ತೊಟತೊಟ, ಮೆಟ್ಟಿಲ ಮೇಲೆ ದಬದಬ, ಒಣಗಿದ ಎಲೆ ಸರಸರ. ಪಂಜೆ ಮಂಗೇಶರಾಯರು ‘ತೆಂಕಣ ಗಾಳಿಯಾಟ’ ಎಂಬ ಪದ್ಯದಲ್ಲಿ ಗಾಳಿಯ ಆರ್ಭಟವನ್ನು ಪದಗಳ ಸದ್ದಿನಿಂದಲೇ ತಂದಿದ್ದಾರೆ. ಮುಂದಿನ ಸಲ ಬಂದಾಗ ಅದನ್ನು ನಾನೇ ಓದಿ ಹೇಳುತ್ತೇನೆ. ಕಣ್ಣಲ್ಲಿ ಓದಿಕೊಂಡರೆ ಆ ಪದ್ಯ ಅರ್ಧ ಮಾತ್ರ ಸಿಗುತ್ತದೆ.

ಈಗ ನಿನ್ನ ಎರಡನೆಯ ಸಾಲು. ಇಲ್ಲಿ ಸ್ವಲ್ಪ ನಿಲ್ಲಬೇಕು.

‘ಕಪ್ಪಗೆ ಹೊಳೆವುದು ರಾತ್ರಿಯ ಹಾಗೆ.’ ಇದು ಉಪಮೆ. ನಿನ್ನ ಇಂಗ್ಲಿಷ್ ಪುಸ್ತಕದಲ್ಲಿ ಸಿಮಿಲಿ ಎಂದು ಬರುವುದು ಇದೇ. ಉಪಮೆಗೆ ನಾಲ್ಕು ಅಂಗ. ಯಾವುದನ್ನು ವರ್ಣಿಸುತ್ತೀಯೋ ಅದು ಉಪಮೇಯ, ಇಲ್ಲಿ ಕಾಗೆ. ಯಾವುದಕ್ಕೆ ಹೋಲಿಸುತ್ತೀಯೋ ಅದು ಉಪಮಾನ, ಇಲ್ಲಿ ರಾತ್ರಿ. ಎರಡರಲ್ಲೂ ಇರುವ ಗುಣ ಸಮಾನಧರ್ಮ, ಇಲ್ಲಿ ಕಪ್ಪು. ಎರಡನ್ನೂ ಜೋಡಿಸುವ ‘ಹಾಗೆ’, ‘ಅಂತೆ’, ‘ವೊಲ್’ ಇಂಥವು ಉಪಮಾವಾಚಕ. ನಿನ್ನ ಸಾಲುಗಳಲ್ಲಿ ನಾಲ್ಕೂ ಇವೆ. ನಾಲ್ಕೂ ಇದ್ದರೆ ಪೂರ್ಣೋಪಮೆ. ಪರೀಕ್ಷೆಯಾಗಿದ್ದರೆ ಪೂರ್ತಿ ಅಂಕ.

ಆದರೆ ಕೂಸೇ, ರಾತ್ರಿ ಹೊಳೆಯುತ್ತದೆಯೇ? ಕಪ್ಪು ಎಂದೊಡನೆ ರಾತ್ರಿ ಎಂದು ಕೈ ತಾನೇ ಬರೆದುಬಿಟ್ಟಿತು. ಮುಖ ಎಂದೊಡನೆ ಚಂದ್ರ, ಹಲ್ಲು ಎಂದೊಡನೆ ದಾಳಿಂಬೆ ಬೀಜ, ಬಿಳಿ ಎಂದೊಡನೆ ಹಾಲು ಬರುವುದೂ ಹೀಗೆಯೇ. ಇವನ್ನು ಮೊದಲು ಕಂಡವರು ಕಣ್ಣಾರೆ ಕಂಡು ಹೇಳಿದರು. ನಮಗೆ ಅವು ಕೇಳಿ ಕೇಳಿ ಬಂದವು. ನಾಲ್ಕನೆಯ ಸಾಲನ್ನು ನೋಡಿ ಬರೆದ ನೀನು ಎರಡನೆಯ ಸಾಲನ್ನು ನೋಡದೆ ಬರೆದಿದ್ದೀಯ ಎಂದು ನನ್ನ ಅನುಮಾನ.

ನಾಳೆ ಕಾಗೆ ಬಂದಾಗ ಕಿಟಕಿಯ ಸರಳಿನ ಹತ್ತಿರ ಅಲುಗಾಡದೆ ನಿಂತು ನೋಡು. ಊರಲ್ಲಿ ನಮ್ಮ ನಡುವೆ ಓಡಾಡುವ ಕಾಗೆ ಮೈತುಂಬ ಕಪ್ಪಲ್ಲ. ಅದರ ಕತ್ತು, ಎದೆಯ ಮೇಲ್ಭಾಗ ಬೂದಿಯ ಬಣ್ಣ. ಪೂರಾ ಕಪ್ಪಾಗಿರುವುದು ಕಾಡುಕಾಗೆ, ಅದರ ಕೊಕ್ಕೂ ದಪ್ಪ. ಇನ್ನೂ ಒಂದು ನೋಡು. ಬಿಸಿಲು ಬಿದ್ದಾಗ ರೆಕ್ಕೆಯ ಕಪ್ಪಿನಲ್ಲಿ ನೀಲಿ ಮಿಂಚು ಬರುತ್ತದೆ. ನೀನು ‘ಹೊಳೆವುದು’ ಎಂದು ಬರೆದದ್ದು ಬಹುಶಃ ಅದನ್ನೇ ಕಂಡು. ಅಂದರೆ ನಿನಗೆ ಬೇಕಾದದ್ದು ಕಪ್ಪಗಿದ್ದೂ ಹೊಳೆಯುವ ಒಂದು ವಸ್ತು. ನನಗೆ ಹೊಳೆದದ್ದು ಹೇಳಲೇ? ಎಣ್ಣೆ ಸವರಿದ ದೋಸೆಯ ಕಾವಲಿ. ನಮ್ಮ ಕಡೆ ರೊಟ್ಟಿ ಬೇಯಿಸುವ ಹಂಚೂ ಕಪ್ಪೇ, ಆದರೆ ಅದು ಹೊಳೆಯುವುದಿಲ್ಲ. ಕಾವಲಿ ಹೊಳೆಯುತ್ತದೆ. ‘ಕಪ್ಪಗೆ ಹೊಳೆವುದು ಕಾವಲಿ ಹಾಗೆ’ ಎಂದರೆ ಮಾತ್ರೆಯೂ ಕೂಡುತ್ತದೆ, ಎಣಿಸಿ ನೋಡು. ಮುಂದಿನ ಸಾಲಿನ ಅಮ್ಮನ ದೋಸೆಗೂ ಇದು ದಾರಿ ಮಾಡುತ್ತದೆ. ಆದರೆ ಇದು ನನ್ನ ಹೋಲಿಕೆ. ನೀನು ಇದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಡ. ನಿನ್ನ ಕಣ್ಣಿಗೆ ಬೇರೆ ಏನಾದರೂ ಕಾಣಬಹುದು, ಅದನ್ನೇ ಬರೆ.

ಅದೇ ಕಾಗೆಯನ್ನು ಇಟ್ಟುಕೊಂಡು ಬೇರೆ ಅಲಂಕಾರಗಳನ್ನೂ ಮಾಡಿ ನೋಡಬಹುದು. ‘ಹಾಗೆ’ ಎಂಬುದನ್ನು ಕಿತ್ತುಹಾಕಿ ಅದೇ ಇದು ಎಂದುಬಿಟ್ಟರೆ ರೂಪಕ. ‘ನಮ್ಮ ಬಾಲ್ಕನಿಯ ಪೊಲೀಸಪ್ಪ ಈ ಕಾಗೆ’ ಎಂದೆ ಅನ್ನು, ಅಲ್ಲಿ ಹೋಲಿಕೆ ಮುಗಿದು ಕಾಗೆಯೇ ಪೊಲೀಸ್ ಆಯಿತು. ಇಂಗ್ಲಿಷಿನ ಮೆಟಫರ್ ಇದರ ಹತ್ತಿರದ್ದು. ಬೂದಿ ಬಣ್ಣದ ಕತ್ತನ್ನು ನೋಡಿ ‘ಚಳಿಗೆ ಮಫ್ಲರ್ ಸುತ್ತಿಕೊಂಡಿದೆಯೋ ಏನೋ’ ಎಂದು ಕಲ್ಪಿಸಿದರೆ ಉತ್ಪ್ರೇಕ್ಷೆ. ಅಲ್ಲಿ ಮಫ್ಲರ್ ಇಲ್ಲ ಎಂದು ನಮಗೂ ಗೊತ್ತು, ಇದ್ದರೆ ಹೇಗೆ ಎಂದು ಆಡುತ್ತೇವೆ. ‘ಕಾಗೆ ಕೂಗಿದರೆ ಕಟ್ಟಡದ ಮಹಡಿಗಳೆಲ್ಲ ನಡುಗುತ್ತವೆ’ ಎಂದರೆ ಅತಿಶಯೋಕ್ತಿ. ದಿನವೂ ‘ಹೊಟ್ಟೆ ಹಸಿದು ಪ್ರಾಣ ಹೋಗ್ತಿದೆ’ ಎಂದು ಶಾಲೆಯಿಂದ ಬಂದೊಡನೆ ಕೂಗುತ್ತೀಯಲ್ಲ, ಅದೂ ಅತಿಶಯೋಕ್ತಿಯೇ.

ನಮ್ಮ ಕವಿಗಳಲ್ಲಿ ಉಪಮೆಗೆ ಹೆಸರಾದವನು ಜೈಮಿನಿ ಭಾರತ ಬರೆದ ಲಕ್ಷ್ಮೀಶ. ಅವನನ್ನು ಉಪಮಾಲೋಲ ಎಂದೇ ಕರೆಯುತ್ತಾರೆ. ರೂಪಕಕ್ಕೆ ಕುಮಾರವ್ಯಾಸ, ಅವನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂಬ ಬಿರುದು. ನೀವು ಬಾದಾಮಿಯಿಂದ ಬೆಂಗಳೂರಿಗೆ ಹೋಗುವ ಗೋಲಗುಂಬಜ್ ರೈಲು ಗದಗದಲ್ಲಿ ನಿಲ್ಲುತ್ತದಲ್ಲ, ಅವನು ಭಾರತ ಬರೆದದ್ದು ಆ ಊರಿನ ವೀರನಾರಾಯಣ ದೇವಸ್ಥಾನದಲ್ಲಿ ಎಂದು ಜನ ನಂಬಿಕೊಂಡು ಬಂದಿದ್ದಾರೆ. ದೇವಸ್ಥಾನ ಈಗಲೂ ಇದೆ. ಒಮ್ಮೆ ಅಲ್ಲಿ ಇಳಿದು ಕರೆದುಕೊಂಡು ಹೋಗುತ್ತೇನೆ.

ಅಲಂಕಾರ ಎಂದರೆ ದೊಡ್ಡವರ ಪಾಠ ಎಂದು ನಿನ್ನ ಗೆಳತಿ ಹೇಳಿದಳಂತೆ. ಹಾಗಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಪುಸ್ತಕ ಕವಿರಾಜಮಾರ್ಗ, ಕ್ರಿ.ಶ. 850ರ ಸುಮಾರಿನದು. ರಾಷ್ಟ್ರಕೂಟರ ದೊರೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದದ್ದು. ಅದರ ಬಹುಪಾಲು ಅಲಂಕಾರಗಳ ವಿಚಾರವೇ. ಅಂಥ ಗಂಭೀರವಾದ ಪುಸ್ತ​ಕದ ಮೊದಲಿನಲ್ಲೇ ಕವಿ ಈ ನಾಡಿನ ಜನರನ್ನು ಮೆಚ್ಚಿ ಹೇಳುತ್ತಾನೆ: ಓದು ಕಲಿಯದವರಿಗೂ ಕಾವ್ಯ ಕಟ್ಟುವ ಬುದ್ಧಿ ಇಲ್ಲಿದೆ, ಅವರವರ ನುಡಿಯಲ್ಲಿ ಎಲ್ಲರೂ ಜಾಣರು, ಚಿಕ್ಕ ಮಕ್ಕಳೂ ಕೂಡ. ಸಾವಿರ ವರ್ಷಕ್ಕೂ ಹಿಂದಿನ ಕವಿ ಲೆಕ್ಕಕ್ಕೆ ಹಿಡಿದ ಆ ಚಿಕ್ಕ ಮಕ್ಕಳಲ್ಲಿ ನೀನೂ ಒಬ್ಬಳು ಎಂದು ನಾನು ತಿಳಿದಿದ್ದೇನೆ. ಗೆಳತಿಗೂ ಹೇಳು.

ಇನ್ನು ಪದ್ಯದ ಬಗೆಗಳು. ನೀನು ಬರೆದದ್ದು ನಾಲ್ಕು ಸಾಲಿನದು, ಅದಕ್ಕೆ ಚೌಪದಿ ಎನ್ನುತ್ತಾರೆ. ಎರಡೆರಡು ಸಾಲಿಗೆ ಅಂತ್ಯಪ್ರಾಸ ಇಟ್ಟು, ಕೊನೆಯ ಸಾಲಿನಲ್ಲಿ ಚುರುಕು ಮುಟ್ಟಿಸುವ ಚುಟುಕಗಳನ್ನು ರಾಶಿ ರಾಶಿ ಬರೆದವರು ಉತ್ತರ ಕನ್ನಡದ ದಿನಕರ ದೇಸಾಯಿ. ಚುಟುಕ ಬ್ರಹ್ಮ ಎಂದೇ ಅವರಿಗೆ ಹೆಸರು. 1943ರಲ್ಲಿ ಬಂದ ಡಿ.ವಿ.ಜಿ. ಅವರ ಮಂಕುತಿಮ್ಮನ ಕಗ್ಗವೂ ನಾಲ್ಕು ನಾಲ್ಕು ಸಾಲಿನದೇ, ನಿನ್ನ ಅಜ್ಜ ದಿನಾ ಬೆಳಿಗ್ಗೆ ಓದುತ್ತಾರಲ್ಲ ಅದು. ಆದರೆ ಅದರ ಪ್ರಾಸ ಬೇರೆ ಬಗೆಯದು. ಸಾಲಿನ ಕೊನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಸಾಲಿನ ಮೊದಲಲ್ಲಿ ಇರುತ್ತದೆ.

ಅದು ಹೇಗೆಂದರೆ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ‘ಕಟ್ಟೆಯ ಮೇಲಿನ ಕಾಗೆಯ ಸಭೆಯಲಿ’ ಎಂದು ಒಂದು ಸಾಲು, ‘ರೊಟ್ಟಿಯ ತುಣುಕಿಗೆ ಜೋರಿನ ಜಗಳ’ ಎಂದು ಇನ್ನೊಂದು. ‘ಟ್ಟೆ’, ‘ಟ್ಟಿ’ ನೋಡಿದೆಯಾ? ಸ್ವರ ಬೇರೆಯಾದರೂ ಚಿಂತೆಯಿಲ್ಲ, ‘ಟ್ಟ’ ಎಂಬ ಒತ್ತು ಒಂದೇ ಆಗಿರಬೇಕು. ಇದು ಆದಿಪ್ರಾಸ. ನಮ್ಮ ಹಳೆಯ ಕವಿಗಳಿಗೆ ಇದು ಕಡ್ಡಾಯವಾಗಿತ್ತು. 20ನೆಯ ಶತಮಾನದ ಮೊದಲಲ್ಲಿ ಮಂಜೇಶ್ವರದ ಗೋವಿಂದ ಪೈಗಳಂಥವರು ಧೈರ್ಯ ಮಾಡಿ ಅದನ್ನು ಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು, ಹೊಸ ಕವಿತೆಗೆ ಉಸಿರಾಡಲು ಜಾಗ ಸಿಕ್ಕಿತು. ಆದರೂ ಮಕ್ಕಳು ಇದನ್ನು ಆಡಿ ನೋಡಬೇಕು ಎಂದು ನನ್ನ ಹಟ. ಪದ ಹುಡುಕುವ ಆಟಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದಿಪ್ರಾಸದಲ್ಲಿ ಆರು ಬಗೆ. ಆರಕ್ಕೂ ಪ್ರಾಣಿಗಳ ಹೆಸರು, ನಿನಗೆ ಖುಷಿಯಾಗುತ್ತದೆ. ಮೊದಲಕ್ಷರ ಹ್ರಸ್ವವಾಗಿದ್ದರೆ ಸಿಂಹ, ದೀರ್ಘವಾಗಿದ್ದರೆ ಗಜ ಅಂದರೆ ಆನೆ, ಸೊನ್ನೆ ಇದ್ದರೆ ವೃಷಭ ಅಂದರೆ ಎತ್ತು, ವಿಸರ್ಗ ಇದ್ದರೆ ಅಜ ಅಂದರೆ ಆಡು, ಎರಡನೆಯದು ‘ಟ್ಟ’, ‘ಮ್ಮ’ದಂತೆ ಅದೇ ಅಕ್ಷರದ ಒತ್ತಾಗಿದ್ದರೆ ಹಯ ಅಂದರೆ ಕುದುರೆ, ‘ತ್ರ’, ‘ಸ್ತ’ದಂತೆ ಬೇರೆ ಅಕ್ಷರದ ಒತ್ತಾಗಿದ್ದರೆ ಪುರಾಣದ ಪ್ರಾಣಿ ಶರಭ. ಒಂದು ಸಾಲು ಸಿಂಹವಾದರೆ ಉಳಿದವೂ ಸಿಂಹವೇ ಆಗಬೇಕು. ಮೇಲಿನ ಕಟ್ಟೆ, ರೊಟ್ಟಿ ಯಾವ ಪ್ರಾಣಿ, ನೀನೇ ಹೇಳು. ಕನ್ನಡದ ಮೊದಲ ಛಂದಸ್ಸಿನ ಪುಸ್ತಕ 10ನೆಯ ಶತಮಾನದ ನಾಗವರ್ಮನ ಛಂದೋಂಬುಧಿ. ಅದನ್ನು ಅವನು ತನ್ನ ಹೆಂಡತಿಗೆ ಪಾಠ ಹೇಳುವ ಹಾಗೆ ಬರೆದಿದ್ದಾನೆ. ಮನೆಯವರಿಗೆ ಪ್ರೀತಿಯಿಂದ ಛಂದಸ್ಸು ಹೇಳಿಕೊಡುವ ವಾಡಿಕೆ ನಮ್ಮಲ್ಲಿ ಅಷ್ಟು ಹಳೆಯದು.

ಮೂರು ಸಾಲಿನದು ತ್ರಿಪದಿ. ಇದರ ಬಗ್ಗೆ ನಾನು ಹೆಚ್ಚು ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಮನೆಯದು, ನಮ್ಮ ಊರಿನದು. ನಮ್ಮವ್ವ ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕೂತು ಜೋಳ ಬೀಸುತ್ತಿದ್ದಳು. ಒಂದು ಕೈ ಗೂಟದ ಮೇಲೆ, ಒಂದು ಕೈ ಕಾಳು ಹಾಕಲು. ಕಲ್ಲು ತಿರುಗಿದ ಹಾಗೆ ಹಾಡು ತಿರುಗುತ್ತಿತ್ತು. ತವರು, ತಮ್ಮ, ತೊಟ್ಟಿಲು, ಊರದೇವರು ಎಲ್ಲ ಮೂರು ಸಾಲಿನಲ್ಲಿ ಬರುತ್ತಿದ್ದವು. ಎರಡನೆಯ ಸಾಲನ್ನು ಮರಳಿ ಹಾಡಿ ಮೂರನೆಯದಕ್ಕೆ ಇಳಿಯುವುದು ವಾಡಿಕೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳ ಹಾಡಿನಲ್ಲಿ ಎರಡನೆಯ ಅಕ್ಷರದ ಪ್ರಾಸ ಮಾತ್ರ ಒಂದು ದಿನವೂ ತಪ್ಪುತ್ತಿರಲಿಲ್ಲ. ಶ್ರೀವಿಜಯ ಹೇಳಿದ ಮಾತು ನಿಜ ಎನ್ನಲು ನನಗೆ ಬೇರೆ ಸಾಕ್ಷಿ ಬೇಡ.

ಸರ್ವಜ್ಞನ ವಚನಗಳೆಲ್ಲ ಇದೇ ತ್ರಿಪದಿಯಲ್ಲಿವೆ. ಅವನಿಗಿಂತಲೂ ಎಷ್ಟೋ ಹಿಂದೆ, ಕ್ರಿ.ಶ. 700ರ ಸುಮಾರಿನಲ್ಲಿ, ನಮ್ಮ ಬಾದಾಮಿಯ ತಟ್ಟುಕೋಟೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬ ವೀರನನ್ನು ಹೊಗಳಿ ಕೆತ್ತಿದ ಶಾಸನದಲ್ಲೂ ತ್ರಿಪದಿ ಇದೆ. ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿ ಅದು. ಸಾಧುವಿಗೆ ಸಾಧು, ಕೆಣಕಿದವರಿಗೆ ಕೇಡು ಎಂಬಂಥ ಅವನ ಸ್ವಭಾವವನ್ನು ಆ ಪುಟ್ಟ ಸಾಲುಗಳು ಹೇಳುತ್ತವೆ. ಹೋದ ರಜೆಯಲ್ಲಿ ನೀನು ಕೆರೆಯ ದಂಡೆಯಲ್ಲಿ ಕೋತಿ ನೋಡುತ್ತ ನಿಂತುಬಿಟ್ಟೆ, ಅಲ್ಲಿಗೆ ಹೋಗಲಾಗಲಿಲ್ಲ. ಈ ಸಲ ಬಿಸಿಲೇರುವ ಮೊದಲೇ ಹೊರಡೋಣ.

ನಿನಗಾಗಿ ನಾನೂ ಒಂದು ತ್ರಿಪದಿ ಕಟ್ಟಿದ್ದೇನೆ.

ಬೆಂಗಳೂರಿನ ಬಾಗಿಲಲಿ ಕೂತ ಕಾಗಣ್ಣ
ಕಂಗಳಲಿ ಕೂಸು ನಗುತಾಳೊ ನೋಡಿ ಬಾ
ತಿಂಗಳಿಗೆ ಒಮ್ಮೆ ಸುದ್ದಿ ತಾ

ಬೆಂಗ, ಕಂಗ, ತಿಂಗ. ಮೂರಕ್ಕೂ ಸೊನ್ನೆ ಇದೆ, ಹಾಗಾಗಿ ವೃಷಭ. ಅಳತೆ ನೋಡಬೇಕೆಂದರೆ ಹೀಗೆ ಒಡೆ: ಬೆಂಗಳೂ, ರಿನಬಾಗಿ, ಲಲಿಕೂತ, ಕಾಗಣ್ಣ. ಐದೈದು ಮಾತ್ರೆಯ ನಾಲ್ಕು ಗುಂಪು, ಇಂಥ ಗುಂಪಿಗೆ ಗಣ ಎಂದು ಹೆಸರು. ಎರಡನೆಯ ಸಾಲಿನಲ್ಲೂ ನಾಲ್ಕು ಗಣ, ಮೂರನೆಯದರಲ್ಲಿ ಮೂರೇ. ಇವೆರಡು ಸಾಲುಗಳಲ್ಲೂ ಎರಡನೆಯ ಗಣ ಗಿಡ್ಡ. ‘ಕೂಸು’, ‘ಒಮ್ಮೆ’, ಮೂರು ಮೂರು ಮಾತ್ರೆ. ಹಾಡಿನ ತಿರುವು ಇರುವುದು ಆ ಗಿಡ್ಡ ಗಣದಲ್ಲಿ. ಹಳೆಯ ತ್ರಿಪದಿಗೆ ಇಷ್ಟು ಬಿಗಿಯಾದ ಲೆಕ್ಕ ಇರಲಿಲ್ಲ. ಅಂಶಗಣ ಎಂದು ಅದರದೇ ಬೇರೆ ಕ್ರಮ, ಹಾಡುವ ದನಿ ಅಕ್ಷರವನ್ನು ಎಳೆದು ಕುಗ್ಗಿಸಿ ಸರಿ ಮಾಡಿಕೊಳ್ಳುತ್ತಿತ್ತು. ಅದನ್ನು ನೀನು ಹೈಸ್ಕೂಲಿನಲ್ಲಿ ಓದುತ್ತೀಯ, ಈಗ ಬೇಡ.

ಶರಣರ ವಚನಗಳನ್ನು ನೀನು ಬಸವ ಜಯಂತಿಗೆ ಶಾಲೆಯಲ್ಲಿ ಹೇಳಿದ್ದೀಯ. ಅವಕ್ಕೆ ಮಾತ್ರೆಯ ಲೆಕ್ಕವಿಲ್ಲ, ಪ್ರಾಸದ ಕಟ್ಟೂ ಇಲ್ಲ. ಆಡುವ ಮಾತನ್ನೇ ಬಿಗಿಯಾಗಿ ಹೇಳಿ, ಕೊನೆಗೆ ತನ್ನ ದೇವರ ಹೆಸರಿನ ಅಂಕಿತ ಇಡುವುದು ಅವುಗಳ ಬಗೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ. ಪ್ರಾಸ ಇಲ್ಲದಿದ್ದರೆ ಪದ್ಯ ಹೇಗಾಗುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಹೋಲಿಕೆ ಅಷ್ಟು ನಿಖರವಾಗಿದ್ದರೆ ಪ್ರಾಸ ಬೇಕೆನಿಸುವುದಿಲ್ಲ ಎಂದು ನನ್ನ ಉತ್ತರ. ವಚನಗಳಲ್ಲಿ ಬರುವ ಇರುವೆ, ಕೋಡಗ, ಬಿದಿರು, ಮರ, ಬಳ್ಳಿ ಎಲ್ಲ ಕಣ್ಣೆದುರಿನವು. ಅವರು ಹೋಲಿಕೆಗಾಗಿ ದೂರ ಹೋಗಲಿಲ್ಲ.

ಕೊನೆಯದಾಗಿ ಆರು ಸಾಲಿನ ಷಟ್ಪದಿ. ರಾಘವಾಂಕ ಹರಿಶ್ಚಂದ್ರನ ಕಥೆ ಹೇಳಿದ್ದು ವಾರ್ಧಕ ಷಟ್ಪದಿಯಲ್ಲಿ, ಕುಮಾರವ್ಯಾಸ ಭಾರತ ಹೇಳಿದ್ದು ಭಾಮಿನಿಯಲ್ಲಿ. ಇದರ ಕಟ್ಟಡ ಬಹಳ ಚೆಂದ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಒಂದೇ ಅಳತೆ. ಮೂರು ಮತ್ತು ಆರನೆಯ ಸಾಲು ಅವುಗಳ ಒಂದೂವರೆಯಷ್ಟು ಉದ್ದ, ಮೇಲೆ ಕೊನೆಗೊಂದು ಗುರು. ಭಾಮಿನಿಯಲ್ಲಿ ಚಿಕ್ಕ ಸಾಲಿಗೆ 14 ಮಾತ್ರೆ. ಹಾಗಾದರೆ ಉದ್ದ ಸಾಲಿಗೆ ಎಷ್ಟು? ಹದಿನಾಲ್ಕರ ಒಂದೂವರೆ 21, ಗುರುವಿನ ಎರಡು ಸೇರಿ 23. ಎಲ್ಲಕ್ಕಿಂತ ಚಿಕ್ಕದು ಶರ ಷಟ್ಪದಿ. ಅದರ ಚಿಕ್ಕ ಸಾಲಿಗೆ ನಾಲ್ಕು ನಾಲ್ಕು ಎಂಟು ಮಾತ್ರೆ, ಉದ್ದ ಸಾಲಿಗೆ ಮೂರು ನಾಲ್ಕು ಹನ್ನೆರಡು, ಮೇಲೊಂದು ಗುರು, ಒಟ್ಟು 14. ನಾಲ್ಕರ ನಡೆ ನಿನಗೆ ಈಗಾಗಲೇ ಬರುತ್ತದೆ, ಅದಕ್ಕೆ ನಿನಗೆ ಇದೇ ಸರಿ.

ನಿಮ್ಮ ಮನೆಯಲ್ಲಿ ಇದ್ದಾಗ ಬೆಳಿಗ್ಗೆ ಸೊಪ್ಪು ಮಾರುವವಳ ಕೂಗು ಕೇಳುತ್ತಿತ್ತಲ್ಲ, ಅದನ್ನು ನೆನೆದು ಅರ್ಧ ಷಟ್ಪದಿ ಬರೆದಿದ್ದೇನೆ.

ಬೆಳಗಿನ ಬಿಸಿಲಲಿ
ಕೆಳಗಿನ ಗೇಟಲಿ
ಎಳೆಯುವ ದನಿಯಲಿ ಸೊಪ್ಪಮ್ಮಾ

ಉಳಿದ ಮೂರು ಸಾಲು ನಿನಗೆ ಬಿಟ್ಟಿದ್ದೇನೆ. ಎಂಟು, ಎಂಟು, ಹದಿನಾಲ್ಕು ಮಾತ್ರೆ. ಪ್ರತಿ ಸಾಲಿನ ಎರಡನೆಯ ಅಕ್ಷರ ‘ಳ’ಕಾರ, ಅದರ ಹಿಂದಿನದು ಹ್ರಸ್ವವೇ ಆಗಿರಲಿ, ಸಿಂಹ ತಪ್ಪಬಾರದು. ಗೆಳತಿ, ಹಳೆಯ, ಇಳಿದು, ಕಳಿಸು, ತಿಳಿ ಹೀಗೆ ಪದಗಳ ಪಟ್ಟಿ ಮೊದಲು ಮಾಡಿಕೋ. ಅವಳು ಕೂಗಿದ ಮೇಲೆ ಯಾರು ಕೆಳಗೆ ಬಂದರು, ಬುಟ್ಟಿಯಲ್ಲಿ ಏನೇನಿತ್ತು, ಮೆಂತ್ಯದ ಕಟ್ಟಿನ ಬೇರಿಗೆ ಮಣ್ಣು ಅಂಟಿತ್ತೇ, ನೀರು ತೊಟ್ಟಿಕ್ಕುತ್ತಿತ್ತೇ, ಎಲ್ಲ ಹೋಗಿ ನೋಡಿಕೊಂಡು ಬರೆ. ಒಂದು ಹೋಲಿಕೆ ಇರಲಿ, ಒಂದೇ ಸಾಕು. ಬರೆದದ್ದನ್ನು ಅಮ್ಮನಿಗೆ ಜೋರಾಗಿ ಓದಿ ಹೇಳು, ಫೋಟೊ ತೆಗೆಸಬೇಡ. ಕಾಗದದಲ್ಲಿ ಬರೆದು, ಕವರಿಗೆ ಹಾಕಿ, ವಿಳಾಸ ನಿನ್ನ ಕೈಯಲ್ಲೇ ಬರೆದು ಅಂಚೆಗೆ ಹಾಕು. ಅಜ್ಜನೂ ಕಾಯುತ್ತಾರೆ.

ನಿನ್ನ ಅಜ್ಜಿ